ಶಿಶುನಾಳ ಶರೀಫರ ಪದಗಳು ಬೆಂಗಳೂರು-ಮೈಸೂರಿನ ಮನೆಮನೆಗೆ ತಲುಪಲು ಅಷ್ಟು ತಡವಾಗಿದ್ದೇಕೆ?

ಅವು ಓದೋಕೆ ಬರೆದ ಕವಿತೆಗಳಲ್ಲ, ಹಾಡೋಕೆ ಕಟ್ಟಿದ ಪದಗಳು. ಹಾಗಾಗಿ ದನಿಯೇ ದೂರ ಹೋಗುವ ಕಾಲ ಬರಬೇಕಾಯಿತು. ಶರೀಫರು (1819–1889) ಈಗಿನ ಹಾವೇರಿ ಜಿಲ್ಲೆಯ ಶಿಶುವಿನಹಾಳದವರು. ಈ ಸೀಮೆಯ ಭಜನಾ ಮೇಳಗಳಲ್ಲಿ ಪದಗಳು ಬಾಯಿಂದ ಬಾಯಿಗೆ ಉಳಿದವು. ಪುಸ್ತಕದಲ್ಲಿ ಸಾಲು ಸಿಗುತ್ತದೆ, ಮಟ್ಟು ಸಿಗಲ್ಲ ಅಲ್ವಾ?

‘ಸೋರುತಿಹುದು ಮನೆಯ ಮಾಳಿಗೆ’ ತಗೊಳ್ಳಿ. ನಮ್ಮ ಕಡೆ ಮಾಳಿಗೆ ಅಂದರೆ ಮಣ್ಣು ಹಾಸಿದ ಚಾವಣಿ. ಮಳೆಗೆ ಮೊದಲು ಹೊಸ ಮಣ್ಣು ಹಾಕದಿದ್ದರೆ ಸೋರುವುದೇ. ಹೆಂಚಿನ ಮನೆಯವರಿಗೆ ಆ ಪಾಡು ಗೊತ್ತಿರಲಿಕ್ಕಿಲ್ಲ. ಆದರೆ ಸಿ. ಅಶ್ವತ್ಥ್ ಹಾಡಿದಾಗ ಅದರೊಳಗಿನ ಸಂಕಟ ಎಲ್ಲರಿಗೂ ನಾಟಿತು. ಕ್ಯಾಸೆಟ್‌ಗಳು ಮತ್ತು 1990ರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಆ ದನಿಯನ್ನು ಇಡೀ ರಾಜ್ಯಕ್ಕೆ ಒಯ್ದವು. ಭಜನೆಯವರ ಧಾಟಿ ಬೇರೆಯೇ ಇದೆ. ನನಗಂತೂ ಅದೇ ಜಾಸ್ತಿ ಇಷ್ಟ.