ಅಜ್ಜನ ತಂಗಿಯ ಹೊಟ್ಟೆನೋವು

ಪ್ರಶ್ನೆ: ಡಾಕ್ಟರಮ್ಮನವರಿಗೆ ನಮಸ್ಕಾರ. ನಮ್ಮದು ಕುಂದಾಪುರದ ಕಡೆ, ಈಗ ಡೊಂಬಿವಲಿ. ಅಮ್ಮನಿಗೆ 54 ವರ್ಷ. ಅಂಡಾಶಯದ ಕ್ಯಾನ್ಸರ್, ಮೂರನೆಯ ಹಂತ. ಆಪರೇಷನ್ ಮುಗಿದು ಕಿಮೋ ನಡೆಯುತ್ತಿದೆ. ರಕ್ತಪರೀಕ್ಷೆಯಲ್ಲಿ ಬಿಆರ್‌ಸಿಎ 1 ಜೀನಿನಲ್ಲಿ ದೋಷವಿದೆ ಎಂದು ಬಂದಿದೆ. ‘ರಕ್ತದಲ್ಲೇ ಇದ್ದ ಮೇಲೆ ಔಷಧಿ ಏನು ಮಾಡೀತು’ ಎಂದು ದೊಡ್ಡಮ್ಮ ಅಳುತ್ತಾರೆ. ಅಜ್ಜಿ 84ರವರೆಗೆ ಗಟ್ಟಿಯಾಗಿದ್ದರು. ಅಜ್ಜನ ತಂಗಿಯೊಬ್ಬರು ಮಾತ್ರ 45ಕ್ಕೇ ಹೊಟ್ಟೆ ಉಬ್ಬಿ, ನೋವು ತಿಂದು ತೀರಿಕೊಂಡರಂತೆ. ಅಮ್ಮ ಉಳಿಯುತ್ತಾರೆಯೇ? ನನಗೆ 29, ತಮ್ಮನಿಗೆ 25. ನಮಗೂ ಪರೀಕ್ಷೆ ಬೇಕೇ?

ಉತ್ತರ: ನಿಮ್ಮ ದೊಡ್ಡಮ್ಮ ತಲೆಕೆಳಗಾಗಿ ತಿಳಿದುಕೊಂಡಿದ್ದಾರೆ ತಂಗಿ. ರೋಗ ತಂದ ಆ ದೋಷವೇ ಔಷಧಿಗೂ ದಾರಿ ಬಿಟ್ಟುಕೊಡುತ್ತದೆ.

ಡೊಂಬಿವಲಿಯವರಿಗೆ ಭಾನುವಾರದ ಮೆಗಾಬ್ಲಾಕ್ ಗೊತ್ತಲ್ಲ, ಹಳಿ ರಿಪೇರಿಗೆಂದು ಲೋಕಲ್ ರೈಲು ನಿಲ್ಲಿಸುವುದು. ಹಳಿ ರಿಪೇರಿಯ ಗ್ಯಾಂಗ್ ಬಾರದಿದ್ದರೆ ಸೋಮವಾರ ಯಾವ ಲೋಕಲ್ಲೂ ಓಡದು. ಜೀವಕೋಶದ ಡಿಎನ್‌ಎ ಜೋಡಿ ಎಳೆಗಳೂ ದಿನವೂ ಅಲ್ಲಲ್ಲಿ ಮುರಿಯುತ್ತವೆ. ಎರಡೂ ಎಳೆ ಒಟ್ಟಿಗೆ ತುಂಡಾದಾಗ ತಪ್ಪಿಲ್ಲದೆ ಕೂಡಿಸುವ ಗ್ಯಾಂಗಿನಲ್ಲಿ ಬಿಆರ್‌ಸಿಎ 1 ಮುಖ್ಯ ಆಳು. ನಿಮ್ಮ ಅಮ್ಮನ ಗೆಡ್ಡೆಯಲ್ಲಿ ಆ ಗ್ಯಾಂಗ್ ಕೆಲಸ ಬಿಟ್ಟಿದೆ. ಕಿಮೋದಲ್ಲಿ ಕೊಡುವ ಕಾರ್ಬೋಪ್ಲಾಟಿನ್ ಮಾಡುವುದು ಡಿಎನ್‌ಎ ಕೆಡಿಸುವ ಕೆಲಸವನ್ನೇ. ರಿಪೇರಿ ಮಾಡಿಕೊಳ್ಳಲಾರದ ಗೆಡ್ಡೆ ಸಾಯುತ್ತದೆ. ಮೈಯ ಉಳಿದ ಕೋಶಗಳಲ್ಲಿ ಈ ಜೀನಿನ ಇನ್ನೊಂದು ಪ್ರತಿ ಸರಿಯಾಗಿರುವುದರಿಂದ ಅವು ಸುಧಾರಿಸಿಕೊಳ್ಳುತ್ತವೆ.

2012ರಲ್ಲಿ ಹಲವು ದೇಶಗಳ ಸುಮಾರು 3,900 ರೋಗಿಗಳ ಲೆಕ್ಕ ಪ್ರಕಟವಾಯಿತು. ಐದು ವರ್ಷ ದಾಟಿದವರು ದೋಷವಿಲ್ಲದವರಲ್ಲಿ ನೂರಕ್ಕೆ 36, ಬಿಆರ್‌ಸಿಎ 1 ದೋಷದವರಲ್ಲಿ 44, ಅದೇ ರಿಪೇರಿ ಗ್ಯಾಂಗಿನ ಇನ್ನೊಂದು ಜೀನಾದ ಬಿಆರ್‌ಸಿಎ 2ರ ದೋಷದವರಲ್ಲಿ 52. ಈ ಮೇಲುಗೈ ವರ್ಷ ಕಳೆದಂತೆ ಸವೆಯುತ್ತದೆ, ಅದನ್ನು ಮುಚ್ಚಿಡಲಾರೆ. ಆದರೆ ಆ ಲೆಕ್ಕ ಓಲಪರಿಬ್ ಮಾತ್ರೆ ಬಳಕೆಗೆ ಬರುವ ಮೊದಲಿನದು. ಗೆಡ್ಡೆಗೆ ಉಳಿದಿರುವ ಇನ್ನೊಂದು ರಿಪೇರಿ ದಾರಿಯನ್ನೂ ಈ ಮಾತ್ರೆ ಕಟ್ಟುತ್ತದೆ. ಕಿಮೋಗೆ ಒಳ್ಳೆಯ ಫಲ ಸಿಕ್ಕ ಬಿಆರ್‌ಸಿಎ ರೋಗಿಗಳಿಗೆ ಎರಡು ವರ್ಷ ಅದನ್ನು ಕೊಟ್ಟು ನೋಡಿದ ಪ್ರಯೋಗದ ಫಲ 2018ರಲ್ಲಿ ಬಂತು: ಮೂರು ವರ್ಷವಾದರೂ ರೋಗ ಮರುಕಳಿಸದವರು ನೂರಕ್ಕೆ 60, ಮಾತ್ರೆಯಿಲ್ಲದವರಲ್ಲಿ 27. ಕಿಮೋ ಮುಗಿಯುವ ಮೊದಲೇ ನಿಮ್ಮ ವೈದ್ಯರ ಹತ್ತಿರ ಈ ಮಾತೆತ್ತಿ. ಬೆಲೆ ಕೇಳಿ ಹೌಹಾರಿ ಎದ್ದು ಬರಬೇಡಿ. ಆಸ್ಪತ್ರೆಯ ಸಮಾಜಸೇವಾ ವಿಭಾಗದಲ್ಲಿ ನೆರವು ವಿಚಾರಿಸಿ.

ಇನ್ನು ನಿಮ್ಮ ಅಜ್ಜನ ತಂಗಿ. ಪತ್ರದ ಆ ಒಂದು ಸಾಲನ್ನು ನಾನು ಎರಡು ಸಲ ಓದಿದೆ. ಕೆಲಸಕ್ಕೆ ಸೇರಿದ ಹೊಸದರಲ್ಲಿ ನಾನು ‘ತಾಯಿಗಿತ್ತೇ, ಅಜ್ಜಿಗಿತ್ತೇ’ ಎಂದಷ್ಟೇ ಕೇಳಿ ಬರೆದುಕೊಳ್ಳುತ್ತಿದ್ದೆ. ಹೆಂಗಸರ ಕಾಯಿಲೆಗೆ ಗಂಡಸರ ಮನೆಯನ್ನು ಕೇಳುವುದೇಕೆ ಎಂಬ ದಡ್ಡತನ. ದೋಷ ಅಜ್ಜನಿಂದಲೂ ಬರುತ್ತದೆ. ಅವರಿಗೆ ಅಂಡಾಶಯವಿಲ್ಲ, ಅದಕ್ಕೇ ಯಾರಿಗೂ ಸುಳಿವು ಸಿಗಲಿಲ್ಲ. ‘ಹೊಟ್ಟೆ ಉಬ್ಬಿ’ ಎಂದು ಊರಲ್ಲಿ ಹೇಳಿದ್ದು ಈ ಕ್ಯಾನ್ಸರ್ ಹೊಟ್ಟೆಯಲ್ಲಿ ನೀರು ತುಂಬಿಸಿದ್ದೂ ಇರಬಹುದು.

ನೀವೂ ತಮ್ಮನೂ ಇಬ್ಬರೂ ಪರೀಕ್ಷಿಸಿಕೊಳ್ಳಿ. ಒಬ್ಬೊಬ್ಬರಿಗೂ ಸಾಧ್ಯತೆ ಅರ್ಧಕ್ಕರ್ಧ. ಅಮ್ಮನ ರಿಪೋರ್ಟ್ ಕೊಂಡೊಯ್ದರೆ ಅದೇ ಒಂದು ದೋಷವನ್ನು ಹುಡುಕಿದರೆ ಸಾಕು, ಖರ್ಚೂ ಕಡಿಮೆ. ನಿಮಗೆ ದೋಷವಿದ್ದರೆ ವರ್ಷವರ್ಷ ಸ್ಕ್ಯಾನ್ ಮಾಡಿಸಿ ನೆಮ್ಮದಿಯಾಗಿರುವುದನ್ನು ನಾನು ಒಪ್ಪುವುದಿಲ್ಲ. ಈ ಕ್ಯಾನ್ಸರನ್ನು ಸ್ಕ್ಯಾನ್ ಸಕಾಲಕ್ಕೆ ಹಿಡಿಯುವುದನ್ನು ನಂಬುವಂತಿಲ್ಲ. ಮಕ್ಕಳಾದ ಮೇಲೆ, 35ರಿಂದ 40ರೊಳಗೆ, ಅಂಡಾಶಯ ಮತ್ತು ಅಂಡನಾಳಗಳನ್ನು ತೆಗೆಸುವುದೇ ಸರಿಯಾದ ದಾರಿ. ಸ್ತನಗಳ ತಪಾಸಣೆ ಮಾತ್ರ ಈಗಿನಿಂದಲೇ ಬೇಕು.

ಅಂದ ಹಾಗೆ, ದೊಡ್ಡಮ್ಮ ಅಮ್ಮನ ಒಡಹುಟ್ಟಿದ ಅಕ್ಕ ತಾನೆ? ಹಾಗಿದ್ದರೆ ಅವರಿಗೂ ಸಾಧ್ಯತೆ ಅರ್ಧಕ್ಕರ್ಧವೇ. ಅವರನ್ನು ನಿಮ್ಮಿಬ್ಬರಿಗಿಂತ ಮೊದಲು ಕರೆದುಕೊಂಡು ಹೋಗಿ.