ಸಭೆಯವರೇ ಮೋಸ ಮಾಡಿದಾಗ ನಂಬಿಕೆಯಲ್ಲಿ ಉಳಿಯುವುದು ಹೇಗೆ?

ಹಾಸನದ ತಮ್ಮ ಸಭೆಯ ಹಿರಿಯರೊಬ್ಬರು ಚೀಟಿ ಹಣ ನುಂಗಿದ್ದಾರೆ, ಪಾಸ್ಟರ್ ಕೂಡ ಅವರ ಪರವೇ ನಿಂತಿದ್ದಾರೆ, ಇನ್ನು ಆರಾಧನೆಗೆ ಹೋಗುವುದಾದರೂ ಏಕೆ ಎಂದು ತಾವು ಕೇಳಿದ್ದೀರಿ.

ಇಂಥ ದ್ರೋಹ ಸಭೆಗೆ ಹೊಸದಲ್ಲ. ಯೇಸುವನ್ನು ಹಿಡಿದುಕೊಟ್ಟ ಯೂದನು ಹನ್ನೆರಡು ಮಂದಿ ಶಿಷ್ಯರಲ್ಲಿ ಒಬ್ಬನಾಗಿದ್ದನು. ಹಣದ ಚೀಲ ಅವನ ಕೈಯಲ್ಲೇ ಇತ್ತೆಂದೂ ಅದರಿಂದ ಕದಿಯುತ್ತಿದ್ದನೆಂದೂ ಯೋಹಾನನ ಸುವಾರ್ತೆ (12:6) ಮುಚ್ಚುಮರೆಯಿಲ್ಲದೆ ಹೇಳುತ್ತದೆ. ಅಪೊಸ್ತಲನಾದ ಪೌಲನಂತೂ ತನ್ನ ಶಿಷ್ಯ ತಿಮೊಥೆಯನಿಗೆ ಬರೆದ ಎರಡನೆಯ ಪತ್ರದಲ್ಲಿ, ಜೊತೆಗೆಲಸದವನಾದ ದೇಮನು ತನ್ನನ್ನು ಬಿಟ್ಟುಹೋದನೆಂದೂ ಕಂಚುಗಾರನಾದ ಅಲೆಕ್ಸಾಂದ್ರನು ಬಹಳ ಕೇಡು ಮಾಡಿದನೆಂದೂ ಹೆಸರು ಹಿಡಿದೇ ಬರೆದು, ವಿಚಾರಣೆಯಲ್ಲಿ ಯಾರೂ ಜೊತೆಗೆ ನಿಲ್ಲದಿದ್ದಾಗ ಕರ್ತನು ತನ್ನ ಬಳಿಯಲ್ಲಿ ನಿಂತನೆನ್ನುತ್ತಾನೆ. ಕೈಬಿಟ್ಟವರ ಮೇಲೆ ಆ ದೋಷ ಬಾರದಿರಲಿ ಎಂದೂ ಬೇಡುತ್ತಾನೆ. ಕ್ಷಮಿಸುವವನು ಬಾಯಿ ಮುಚ್ಚಿಕೊಂಡಿರಬೇಕಾಗಿಲ್ಲ.

ಮತ್ತಾಯ 18:15–17ರ ಕ್ರಮದಂತೆ ಮೊದಲು ಆ ಹಿರಿಯರೊಬ್ಬರನ್ನೇ ಕಂಡು ಕೇಳಿ, ಆಮೇಲೆ ಒಬ್ಬಿಬ್ಬರು ಸಾಕ್ಷಿಗಳೊಂದಿಗೆ ಹೋಗಿ, ಅದೂ ಫಲಿಸದಿದ್ದರೆ ಇಡೀ ಸಭೆಯ ಮುಂದಿಡಿ. ಚೀಟಿ ಪುಸ್ತಕ, ರಸೀದಿ, ಬ್ಯಾಂಕಿನ ದಾಖಲೆಗಳನ್ನು ಈಗಲೇ ಜೋಡಿಸಿಟ್ಟುಕೊಳ್ಳಿ. ಕೊರಿಂಥದವರಿಗೆ ಬರೆದ ಮೊದಲ ಪತ್ರದಲ್ಲಿ, ವಿಶ್ವಾಸಿಗಳು ತಮ್ಮೊಳಗಿನ ವ್ಯಾಜ್ಯವನ್ನು ಹೊರಗಿನ ನ್ಯಾಯಾಲಯಕ್ಕೆ ಒಯ್ಯಬಾರದೆನ್ನುವ 6ನೇ ಅಧ್ಯಾಯ ತೋರಿಸಿ ಪೊಲೀಸರ ಬಳಿಗೆ ಹೋಗಬೇಡಿರೆನ್ನುವವರು ಸಿಗುತ್ತಾರೆ; ಆದರೆ ಅದೇ ಅಧ್ಯಾಯದ 8ನೇ ವಚನ ಸಹೋದರರನ್ನು ವಂಚಿಸುವವರನ್ನು ಗದರಿಸುತ್ತದೆ. ಸಭೆಯೂ ಕಿವಿಗೊಡದಿದ್ದರೆ, ಚಿಕ್ಕಮಗಳೂರಿನಲ್ಲೋ ಹಾಸನದಲ್ಲೋ ಬೇರೊಂದು ಸಭೆಗೆ ಸೇರಿಕೊಳ್ಳುವುದು ಕ್ರಿಸ್ತನನ್ನು ಬಿಟ್ಟಂತಾಗುವುದಿಲ್ಲ.