ಎಕೋ ರಿಪೋರ್ಟಿನ ‘ಆರ್‌ಡಬ್ಲ್ಯೂಎಂಎ’: ಓದುಗರ ಪ್ರಶ್ನೆ, ಡಾಕ್ಟರ ಉತ್ತರ

ಪ್ರಶ್ನೆ: ಡಾಕ್ಟರ್ ಸಾಹೇಬ್ರಿಗೆ ನಮಸ್ಕಾರ. ಅಪ್ಪಾರಿಗೆ 58 ವರ್ಷ. ತೊಗರಿ ರಾಶಿ ಮಾಡುವಾಗ ಎದೆನೋವು ಬಂತು, ಕಲಬುರಗಿಗೆ ಕರ್ಕೊಂಡು ಹೋದ್ವಿ. ಹಾರ್ಟ್ ಅಟ್ಯಾಕ್ ಅಂತ ಸ್ಟೆಂಟ್ ಹಾಕಿದ್ರು. ಆಗಿನ ಎಕೋದಲ್ಲಿ ‘ಆರ್‌ಡಬ್ಲ್ಯೂಎಂಎ ಇದೆ, ಎಲ್‌ಎಡಿ ಭಾಗ ಹೈಪೋಕೈನೆಟಿಕ್, ಇಎಫ್ 45%’ ಅಂತಿತ್ತು. ಎರಡು ತಿಂಗಳ ನಂತರ ಬೇರೆ ಕಡೆ ಮಾಡಿಸಿದರೆ ಇಎಫ್ 50%, ಉಳಿದದ್ದೆಲ್ಲ ಅದೇ. ಸುಧಾರಿಸಿದೆಯೋ ಇಲ್ಲವೋ? ಅರ್ಧ ಹೃದಯ ಸತ್ತಿದೆ ಅಂತ ಊರಲ್ಲಿ ಯಾರೋ ಹೇಳಿದ್ದಕ್ಕೆ ಅವ್ವ ಊಟ ಬಿಟ್ಟಿದ್ದಾಳೆ.
– ಓದುಗರು, ಶಹಾಪುರ

ಉತ್ತರ: ಮೊದಲು ಅವ್ವನಿಗೆ ಊಟ ಮಾಡಿಸಿ. ಎಕೋ ಅಂದರೆ ಹೃದಯದ ಅಲ್ಟ್ರಾಸೌಂಡ್ ಸ್ಕ್ಯಾನ್. ಅದರಲ್ಲಿ ‘ಆರ್‌ಡಬ್ಲ್ಯೂಎಂಎ’ ಅಂತ ಬರೆದರೆ ಹೃದಯದ ಗೋಡೆಯ ಯಾವುದೋ ಒಂದು ಭಾಗ ಸರಿಯಾಗಿ ಆಡುತ್ತಿಲ್ಲ ಅಂತ ಅರ್ಥ. ಇಎಫ್ 50% ಅಂದರೆ ಅರ್ಧ ಹೃದಯ ಸತ್ತಿದೆ ಅಂತ ಅಲ್ಲವೇ ಅಲ್ಲ. ಎಡ ಹೃತ್ಕುಕ್ಷಿಯಲ್ಲಿ (ಮೈಗೆಲ್ಲ ರಕ್ತ ತಳ್ಳುವ ಕೋಣೆ) ತುಂಬಿದ ರಕ್ತದಲ್ಲಿ ಒಂದು ಬಡಿತಕ್ಕೆ ಎಷ್ಟು ಹೊರಗೆ ಹೋಗುತ್ತದೆ ಅನ್ನೋ ಲೆಕ್ಕ ಅದು. ಆರೋಗ್ಯವಾಗಿರುವ ಗಂಡಸರಲ್ಲೂ ಅದು 52ರಿಂದ 72 ಅಷ್ಟೇ, ಯಾರಿಗೂ ನೂರು ಇರುವುದಿಲ್ಲ.

ಇನ್ನು 45 ಹೋಗಿ 50 ಆಗಿದ್ದಕ್ಕೆ ಜಾಸ್ತಿ ಖುಷಿಪಡಬೇಡಿ. ಅದೇ ರೋಗಿಯನ್ನು ಒಂದೇ ದಿನ ಇಬ್ಬರು ಡಾಕ್ಟರು ನೋಡಿದರೂ ಅಷ್ಟು ವ್ಯತ್ಯಾಸ ಬರುತ್ತದೆ. ನಿಜವಾಗಿ ನೋಡಬೇಕಾದ್ದು ಯಾವ ಗೋಡೆ ಎಷ್ಟು ಕೆಲಸ ಮಾಡುತ್ತಿದೆ ಅನ್ನೋದನ್ನು. ಒಂದು ಭಾಗ ಸೋತಾಗ ಉಳಿದ ಭಾಗಗಳು ಜೋರಾಗಿ ಹಿಂಡಿ ಒಟ್ಟು ಲೆಕ್ಕವನ್ನು ಸರಿಮಾಡಿಬಿಡುತ್ತವೆ, ಹಾಗಾಗಿ ಇಎಫ್ ಒಂದನ್ನೇ ನೋಡಿದರೆ ಪೆಟ್ಟು ಎಲ್ಲಿ ಬಿದ್ದಿದೆ ಅಂತ ಗೊತ್ತೇ ಆಗುವುದಿಲ್ಲ.

ಅಳೆಯುವುದು ಹೀಗೆ. ಎಡ ಹೃತ್ಕುಕ್ಷಿಯ ಗೋಡೆಯನ್ನು 16 ಭಾಗ ಮಾಡಿಕೊಳ್ಳುತ್ತೇವೆ: ಬುಡದಲ್ಲಿ 6, ನಡುವೆ 6, ತುದಿಯ ಕಡೆ 4. (ತುದಿಯ ಟೋಪಿಯನ್ನೂ ಸೇರಿಸಿದರೆ 17.) ಒಂದೊಂದಕ್ಕೂ ಅಂಕ ಕೊಡುತ್ತೇವೆ. ಚೆನ್ನಾಗಿ ಹಿಂಡಿದರೆ 1. ಹಿಂಡುವುದು ಕಡಿಮೆಯಾಗಿದ್ದರೆ 2, ಅದೇ ಹೈಪೋಕೈನೆಟಿಕ್. ಹಿಂಡುವುದೇ ಇಲ್ಲ ಅಂದರೆ 3. ಉಳಿದ ಗೋಡೆ ಒಳಗೆ ಬರುವಾಗ ಇದು ಹೊರಗೆ ಉಬ್ಬಿದರೆ 4. ಎಲ್ಲಾ ಕೂಡಿಸಿ, ಕಂಡ ಭಾಗಗಳ ಸಂಖ್ಯೆಯಿಂದ ಭಾಗಿಸಬೇಕು. 12 ಭಾಗ ಚೆನ್ನಾಗಿದ್ದು 4 ಭಾಗ ಹೈಪೋಕೈನೆಟಿಕ್ ಆಗಿದ್ದರೆ ಒಟ್ಟು 20, ಭಾಗಿಸಿದರೆ 1.25. ಪೂರ್ತಿ ಸರಿ ಇರುವ ಹೃದಯಕ್ಕೆ 1. ಈ ಅಂಕ ರಿಪೋರ್ಟಿನಲ್ಲಿ ಇಲ್ಲದಿದ್ದರೆ ಕೇಳಿ, ಕೇಳುವುದರಲ್ಲಿ ತಪ್ಪೇನಿಲ್ಲ.

ಪರದೆ ಮೇಲೆ ಗೋಡೆ ಬೂದು ಬಣ್ಣದ ಪಟ್ಟಿಯ ಹಾಗೆ ಕಾಣುತ್ತದೆ. ಅದು ಸರಿದಾಡಿದರೆ ಸಾಲದು, ಪ್ರತಿ ಬಡಿತಕ್ಕೂ ದಪ್ಪ ಆಗಬೇಕು. ಯಾಕಂದರೆ ಸತ್ತ ಭಾಗವನ್ನೂ ಪಕ್ಕದ ಒಳ್ಳೆಯ ಮಾಂಸ ಎಳೆಯುತ್ತದೆ, ಅದು ಆಡುತ್ತಿರುವ ಹಾಗೇ ಕಾಣುತ್ತದೆ. ಅಲ್ಲಿ ಕಣ್ಣು ಮೋಸ ಹೋಗುತ್ತದೆ. ಅದಕ್ಕೇ ರೋಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಉಸಿರು ಹಿಡಿಸಿ, ಒಂದೇ ಭಾಗವನ್ನು ಮತ್ತೆ ಮತ್ತೆ ನೋಡಬೇಕಾಗುತ್ತದೆ. ಸುಮ್ನೆ ಎರಡು ನಿಮಿಷದಲ್ಲಿ ಮುಗಿಸುವ ಕೆಲಸ ಅಲ್ಲ ಇದು.

ಕಣ್ಣಂದಾಜು ಬೇಡ ಅಂತ 1980ರ ದಶಕದಲ್ಲೇ ಅಮೆರಿಕದ ಫ್ಲಾರೆನ್ಸ್ ಶೀಹನ್ ಒಂದು ದಾರಿ ಮಾಡಿದ್ದರು. ಹೃತ್ಕುಕ್ಷಿಗೆ ಡೈ ಬಿಟ್ಟು ತೆಗೆದ ಎಕ್ಸ್‌ರೇ ಚಿತ್ರದಲ್ಲಿ ಗೋಡೆ ಉದ್ದಕ್ಕೂ 100 ಗೆರೆ ಎಳೆದು, ಪ್ರತಿ ಗೆರೆಯಲ್ಲೂ ಗೋಡೆ ಎಷ್ಟು ಸರಿಯಿತು ಅಂತ ಅಳೆದು, ಆರೋಗ್ಯವಂತರ ಸರಾಸರಿ ಜೊತೆ ಹೋಲಿಸುತ್ತಿದ್ದರು. ಈಗ ಎಕೋ ಮೆಷಿನ್ನಿನಲ್ಲೇ ‘ಸ್ಟ್ರೇನ್’ ಅನ್ನೋ ಅಳತೆ ಬಂದಿದೆ. ಮಾಂಸ ಎಷ್ಟು ಕುಗ್ಗುತ್ತದೆ ಅಂತ ಒಂದೊಂದು ಭಾಗಕ್ಕೂ ಅದು ಅಂಕಿ ಕೊಡುತ್ತದೆ. ಅದೂ ಚಿತ್ರ ಸ್ಪಷ್ಟ ಇದ್ದರೆ ಮಾತ್ರ.

ಅಪ್ಪಾರ ವಿಷಯಕ್ಕೆ ಬಂದರೆ, ಎಲ್‌ಎಡಿ ಮುಂಭಾಗದ ಗೋಡೆಗೆ ಮತ್ತು ತುದಿಗೆ ರಕ್ತ ಕೊಡುವ ನಾಳ. ಅದರ ಭಾಗ ಹೈಪೋಕೈನೆಟಿಕ್ ಅಂದರೆ ಅಲ್ಲಿ ಇನ್ನೂ ಜೀವ ಇರುವ ಮಾಂಸ ಇದೆ. ಅಟ್ಯಾಕ್ ಆದ ಮೇಲೆ ಮಾಂಸ ಮರಗಟ್ಟಿದ ಹಾಗಿರುತ್ತದೆ, ಸ್ಟೆಂಟ್ ಹಾಕಿದ ಮೇಲೂ ಚೇತರಿಸಲು ಕೆಲವೊಮ್ಮೆ ವಾರಗಟ್ಟಲೆ, ತಿಂಗಳುಗಟ್ಟಲೆ ಬೇಕು. ಗೋಡೆ ತೆಳ್ಳಗಾಗಿ ಗಾಯದ ಕಲೆ ಆಗಿದ್ದರೆ ಮಾತ್ರ ಆಸೆ ಕಡಿಮೆ. ಮುಂದಿನ ಎಕೋವನ್ನು ಸಾಧ್ಯವಾದರೆ ಮೊದಲು ಮಾಡಿದ ಕಡೆಯೇ ಮಾಡಿಸಿ. ಹಳೆಯ ಎರಡೂ ವಿಡಿಯೋ ಸಿಡಿಯಲ್ಲೋ ಪೆನ್‌ಡ್ರೈವ್‌ನಲ್ಲೋ ತೆಗೆದುಕೊಂಡು ಹೋಗಿ, ಪಕ್ಕಪಕ್ಕ ಇಟ್ಟು ನೋಡಲು ಹೇಳಿ. ಬರೀ ಕಾಗದ ಹೋಲಿಸಿದರೆ ಪ್ರಯೋಜನ ಇಲ್ಲ. ಸ್ಟೆಂಟ್ ಮಾತ್ರೆಗಳನ್ನು ಮಾತ್ರ ಡಾಕ್ಟರಿಗೆ ಕೇಳದೆ ಒಂದು ದಿನವೂ ಬಿಡಬೇಡಿ.

ಪ್ರಶ್ನೆ: ನನ್ನ ರಿಪೋರ್ಟಿನಲ್ಲಿ ‘ನೋ ಆರ್‌ಡಬ್ಲ್ಯೂಎಂಎ’ ಅಂತಿದೆ. ಬ್ಲಾಕ್ ಇಲ್ಲ ಅಂತ ಅಲ್ವಾ? ಆದರೆ ದಿಬ್ಬ ಹತ್ತಿದರೆ ಎದೆ ಬಿಗಿಯುತ್ತದೆ.
– ಓದುಗರು, ಹುಮನಾಬಾದ್

ಉತ್ತರ: ಅಲ್ಲ. ನಿಮ್ಮ ಎಕೋ ಮಾಡಿದ್ದು ಮಲಗಿಸಿ. ದೊಡ್ಡ ಬ್ಲಾಕ್ ಇದ್ದರೂ ವಿಶ್ರಾಂತಿಯಲ್ಲಿ ಗೋಡೆ ಚೆನ್ನಾಗಿಯೇ ಆಡಬಹುದು. ದುಡಿಸಿದಾಗ ಸೋಲುತ್ತದೆ. ದಿಬ್ಬ ಹತ್ತಿದಾಗ ಬಿಗಿಯುತ್ತದೆ ಅಂತೀರಲ್ಲ, ಆ ರಿಪೋರ್ಟಿಗಿಂತ ನಿಮ್ಮ ಈ ಮಾತೇ ನನಗೆ ಮುಖ್ಯ. ಈ ವಾರವೇ ಹೃದ್ರೋಗ ತಜ್ಞರಿಗೆ ತೋರಿಸಿ. ಕಲಬುರಗಿಯಲ್ಲಿ ಜಯದೇವ ಆಸ್ಪತ್ರೆಯೇ ಇದೆ. ಸ್ಟ್ರೆಸ್ ಎಕೋ (ಹೃದಯವನ್ನು ದುಡಿಸಿ ನೋಡುವ ಎಕೋ) ಬೇಕೋ, ನೇರ ಆಂಜಿಯೋಗ್ರಾಂ ಬೇಕೋ ಅವರು ಹೇಳುತ್ತಾರೆ. ಸುಮ್ಮನೆ ಕೂತಾಗಲೂ ನೋವು ಬಂದರೆ ಕಾಯಬೇಡಿ, 108ಕ್ಕೆ ಫೋನ್ ಮಾಡಿ.

ಪ್ರಶ್ನೆ: ಅತ್ತೆಯವರಿಗೆ ಪೇಸ್‌ಮೇಕರ್ ಇದೆ. ನಡುಗೋಡೆ ಸರಿಯಾಗಿ ಆಡುತ್ತಿಲ್ಲ ಅಂತ ಬಂದಿದೆ. ಅವರಿಗೂ ಅಟ್ಯಾಕ್ ಆಗಿತ್ತಾ?
– ಓದುಗರು, ಸೇಡಂ

ಉತ್ತರ: ಆಗಿರಲೇಬೇಕು ಅಂತೇನಿಲ್ಲ. ಪೇಸ್‌ಮೇಕರಿನ ಕರೆಂಟು ಬೇರೆ ದಾರಿಯಲ್ಲಿ ಹರಿಯುವುದರಿಂದ ನಡುಗೋಡೆ ಉಳಿದವುಗಳ ಜೊತೆ ಹೊಂದಿಕೊಂಡು ಆಡುವುದಿಲ್ಲ. ಎಡ ಬಂಡಲ್ ಬ್ಲಾಕ್ (ರಕ್ತನಾಳದ ಬ್ಲಾಕ್ ಅಲ್ಲ, ಹೃದಯದ ಎಡಗಡೆಯ ಕರೆಂಟಿನ ದಾರಿಯಲ್ಲಿ ತಡೆ) ಇದ್ದವರಲ್ಲೂ, ಬೈಪಾಸ್ ಆದವರಲ್ಲೂ ಹೀಗೆ ಕಾಣುತ್ತದೆ. ಆ ಗೋಡೆ ದಪ್ಪ ಆಗುತ್ತಿದೆಯಾ ಅಂತ ಎಕೋ ಮಾಡಿದ ಡಾಕ್ಟರನ್ನೇ ಕೇಳಿ. ಆಗುತ್ತಿದ್ದರೆ ಮಾಂಸ ಚೆನ್ನಾಗಿಯೇ ಇರುವ ಸಂಭವ ಜಾಸ್ತಿ.